ದೇವರು ಪಾಯಿಂಟ್ ಹಾಕಿಕೊಡುತ್ತಾನಾ?

ಪ್ರಶ್ನೆ: ಅಯ್ಯನವರಿಗೆ ವಂದನೆಗಳು. ನಾವು ಮುಳಬಾಗಿಲು ತಾಲ್ಲೂಕಿನ ಒಂದು ಹಳ್ಳಿಯವರು. ಮೂರು ಎಕರೆ ಜಮೀನಿದೆ. ಎರಡು ಬೋರ್ ಫೇಲಾಗಿವೆ. ನನ್ನ ಒಡವೆ ಅಡವಿಟ್ಟು ಮೂರನೆಯದು ಕೊರೆಸೋಣ ಎನ್ನುತ್ತಾರೆ ನಮ್ಮ ಯಜಮಾನರು. ಇದರ ಮಧ್ಯೆ ರಸ್ತೆ ಪಕ್ಕದ ಒಂದೂವರೆ ಎಕರೆ ಮಾರುತ್ತೀರಾ ಎಂದು ಬೆಂಗಳೂರಿನವರೊಬ್ಬರು ಕೇಳುತ್ತಿದ್ದಾರೆ. ನನಗೆ ನರಸಾಪುರದ ಕಡೆ ಒಂದು ಕಂಪನಿಯಲ್ಲಿ ಕೆಲಸ ಸಿಗುವ ಹಾಗಿದೆ. ನಾಲ್ಕು ತಿಂಗಳಿಂದ ಪ್ರಾರ್ಥನೆ ಮಾಡುತ್ತಿದ್ದೇನೆ, ಉತ್ತರ ಬಂದಿಲ್ಲ. ಮನೆ ಪ್ರಾರ್ಥನೆಗೆ ಬಂದ ಸಹೋದರರೊಬ್ಬರು ಜಮೀನಿನ ಈಶಾನ್ಯ ಮೂಲೆಯಲ್ಲಿ ನೀರು ಉಕ್ಕುವ ದರ್ಶನ ಕಂಡೆ ಎಂದರು. ಅತ್ತೆ ಚೀಟಿ ಬರೆದು ಎತ್ತೋಣ ಎನ್ನುತ್ತಾರೆ. ಸಂಶಯಪಡುವವನಿಗೆ ದೇವರಿಂದ ಏನೂ ಸಿಗುವುದಿಲ್ಲ ಎಂದು ಯಾಕೋಬನ ಪತ್ರಿಕೆಯಲ್ಲಿದೆ. ನನ್ನ ಹತ್ತಿರ ಸಂಶಯ ಬಿಟ್ಟು ಬೇರೇನೂ ಇಲ್ಲ. ಹಾಗಾದರೆ ನನ್ನ ಪ್ರಾರ್ಥನೆಯೆಲ್ಲ ದಂಡವಾ?

ಉತ್ತರ: ತಂಗಿ, ನಿಮ್ಮ ಪತ್ರ ಎರಡು ಸಲ ಓದಿದೆ. ಮೊದಲ ಸಲ ಇದು ಬೋರ್‌ವೆಲ್ ವಿಷಯ ಅನ್ನಿಸಿತು. ಎರಡನೇ ಸಲ ಕಣ್ಣು ಕೊನೆಯ ಸಾಲಿನಲ್ಲಿ ನಿಂತಿತು. ಅಲ್ಲಿಂದಲೇ ಶುರು ಮಾಡುತ್ತೇನೆ.

ನೀವು ಹೇಳಿದ ಸಂಶಯದ ಮಾತು ಯಾಕೋಬನ ಪತ್ರಿಕೆಯ ಮೊದಲ ಅಧ್ಯಾಯದ 6ನೇ ವಚನದಿಂದ ಬರುತ್ತದೆ. ಅದಕ್ಕೂ ಮೊದಲು 5ನೇ ವಚನ ಇದೆಯಲ್ಲ, ಅದನ್ನು ಬಿಟ್ಟು ಓದಿದ್ದೀರಿ. ಯಾರಿಗಾದರೂ ಜ್ಞಾನ ಕಡಿಮೆಯಾಗಿದ್ದರೆ ದೇವರನ್ನು ಕೇಳಲಿ, ಆತನು ಹಂಗಿಸದೆ ಎಲ್ಲರಿಗೂ ಕೊಡುತ್ತಾನೆ ಎಂಬ ಮಾತು ಅಲ್ಲಿದೆ. ನನಗೆ ಆ 'ಹಂಗಿಸದೆ' ಎಂಬ ಪದದ ಮೇಲೆ ಬಹಳ ಪ್ರೀತಿ. ನಮ್ಮ ಹಳ್ಳಿಗಳಲ್ಲಿ ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಿಲ್ಲ. ಪಕ್ಕದ ಮನೆಗೆ ಎರಡು ಸೇರು ರಾಗಿ ಕೇಳಲು ಹೋಗುತ್ತೇವೆ. ಕೊಡುತ್ತಾರೆ. ಆದರೆ ಕೊಡುವಾಗ 'ಹೋದ ತಿಂಗಳು ಒಯ್ದಿದ್ದೇ ಇನ್ನೂ ಬಂದಿಲ್ಲ' ಎಂದು ಒಂದು ಮಾತು ಎಸೆಯುತ್ತಾರೆ. ಆ ರಾಗಿ ಮುದ್ದೆ ಗಂಟಲಲ್ಲಿ ಇಳಿಯುವುದಿಲ್ಲ. ದೇವರು ಹಾಗೆ ಮಾಡುವುದಿಲ್ಲ. 'ಎರಡು ಬೋರ್ ಕೊರೆಸಿ ದುಡ್ಡು ಕಳೆದೆಯಲ್ಲ, ಆಗ ನನ್ನ ನೆನಪಿರಲಿಲ್ಲವಾ' ಎಂದು ಆತನು ನಿಮ್ಮನ್ನು ಕೇಳುವುದಿಲ್ಲ.

ಇನ್ನು ಸಂಶಯ. ಬೋರ್ ಹಾಕಬೇಕೋ ಬೇಡವೋ, ಜಮೀನು ಕೊಡಬೇಕೋ ಬೇಡವೋ ಎಂಬ ಗೊಂದಲ ಇದೆಯಲ್ಲ, ಯಾಕೋಬನು ಬೈದಿರುವುದು ಅದನ್ನಲ್ಲ. ಆ ಗೊಂದಲಕ್ಕೇ 'ಜ್ಞಾನ ಕಡಿಮೆಯಾಗುವುದು' ಎಂದು ಹೆಸರು. ಅದಿರುವವರನ್ನೇ ಬಂದು ಕೇಳಿ ಎಂದು 5ನೇ ವಚನ ಕರೆಯುತ್ತಿದೆ. ದಾರಿ ಗೊತ್ತಿದ್ದವರು ದಾರಿ ಕೇಳುವುದಾದರೂ ಯಾಕೆ? 8ನೇ ವಚನಕ್ಕೆ ಬಂದರೆ ಅವನು ಯಾರನ್ನು ಬೈಯುತ್ತಿದ್ದಾನೆ ಎಂದು ಗೊತ್ತಾಗುತ್ತದೆ. ಎರಡು ಮನಸ್ಸಿನವನನ್ನು. ದೇವರ ಹತ್ತಿರವೂ ಕೇಳುತ್ತಾನೆ, ದೇವರು ಹೇಳಿದ್ದು ಹಿಡಿಸದಿದ್ದರೆ ಇರಲಿ ಎಂದು ಇನ್ನೊಂದು ಕಡೆಯೂ ಅಡ್ವಾನ್ಸ್ ಕೊಟ್ಟಿರುತ್ತಾನೆ. ನೀವು ಆ ಪೈಕಿ ಅಲ್ಲ. ಯೆಹೋಷಾಫಾಟ ರಾಜನ ಮೇಲೆ ಮೂರು ಜನಾಂಗದವರು ದಂಡೆತ್ತಿ ಬಂದಾಗ ಅವನು ಇಡೀ ಜನರ ಮುಂದೆ ನಿಂತು, ಏನು ಮಾಡಬೇಕೋ ನಮಗೆ ಗೊತ್ತಿಲ್ಲ, ನಮ್ಮ ಕಣ್ಣು ನಿನ್ನ ಕಡೆ ಇದೆ ಎಂದು ಪ್ರಾರ್ಥಿಸಿದ. ಎರಡನೇ ಪೂರ್ವಕಾಲವೃತ್ತಾಂತದ 20ನೇ ಅಧ್ಯಾಯದಲ್ಲಿದೆ. ರಾಜನೇ ಜನರೆದುರು 'ಗೊತ್ತಿಲ್ಲ' ಎನ್ನಬಹುದಾದರೆ ನಿಮಗೇನು ಸಂಕೋಚ?

ಈಗ ನನ್ನದೊಂದು ಕಥೆ. ಸ್ವಲ್ಪ ಮಾನ ಹೋಗುವ ಕಥೆ, ಆದರೂ ಹೇಳುತ್ತೇನೆ.

ಇಪ್ಪತ್ತು ವರ್ಷದ ಹಿಂದಿನ ಮಾತು. ಕೋಲಾರ ಜಿಲ್ಲೆಯಲ್ಲೇ ಒಂದು ಸಭೆಯಲ್ಲಿ ಸಭಾಪಾಲಕನಾಗಿದ್ದೆ. ಚರ್ಚ್ ಕಾಂಪೌಂಡಿನಲ್ಲಿ ನೀರಿಲ್ಲ, ಬೋರ್ ಹಾಕಿಸಬೇಕು. ತೆಂಗಿನಕಾಯಿ ಅಂಗೈ ಮೇಲಿಟ್ಟುಕೊಂಡು ಪಾಯಿಂಟ್ ಹಾಕುವವರನ್ನು, ಅಂದರೆ ನೀರಿರುವ ಜಾಗ ಗುರುತು ಮಾಡುವವರನ್ನು, ಕರೆಸೋಣ ಎಂದರು ಕೆಲವರು. ದೇವರ ಮಕ್ಕಳು ಕಾಯಿ ತಿರುಗುತ್ತಾ ಎಂದು ನೋಡಬಾರದು ಎಂದೆ ನಾನು, ದೊಡ್ಡ ಗಂಟಲಲ್ಲಿ. ಎರಡು ದಿನ ಉಪವಾಸ ಪ್ರಾರ್ಥನೆ ಇಟ್ಟೆವು. ಮೂರನೇ ದಿನ ಬೆಳಿಗ್ಗೆ ಬೇವಿನ ಮರದ ಪಕ್ಕ ನಡೆಯುತ್ತಿದ್ದಾಗ ಮನಸ್ಸಿಗೆ ಒಂದು ಸಮಾಧಾನ ಬಂತು. ಇಲ್ಲೇ ಎಂದು ಕೋಲು ನೆಟ್ಟೆ. ಎಲ್ಲರೂ ಸ್ತೋತ್ರ ಹೇಳಿದರು. ಲಾರಿ ಬಂತು. 780 ಅಡಿ ಹೋಯಿತು. ಬರೀ ಧೂಳು. ಬೇವಿನ ಮರವೆಲ್ಲ ಬೆಳ್ಳಗಾಯಿತು.

ಸಭೆಯಲ್ಲಿ ಚಿನ್ನದ ಗಣಿಯಲ್ಲಿ ಕೆಲಸ ಮಾಡಿದ್ದ ಒಬ್ಬ ಹಿರಿಯರಿದ್ದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಮಗನ ಮನೆಗೆ ಬಂದು ಸೇರಿದ್ದವರು. ಅವರ ಕನ್ನಡದಲ್ಲಿ ತಮಿಳು ಜಾಸ್ತಿ. ಸಂಜೆ ಬಂದು ಪಕ್ಕದಲ್ಲಿ ಕೂತರು. 'ಅಯ್ಯರೇ, ದೇವರನ್ನ ಕೇಳಿದ್ರಿ, ಸರಿ. ಬಂಡೆನ ಕೇಳಿದ್ರಾ?' ಎಂದರು. ನಮ್ಮ ಕಡೆ ಕೆಳಗಿರುವುದು ಗಟ್ಟಿ ಕಲ್ಲು. ಆ ಕಲ್ಲಿನೊಳಗೆ ನೀರಿರುವುದಿಲ್ಲ, ಬಿರುಕುಗಳಲ್ಲಿ ಮಾತ್ರ ಇರುತ್ತದೆ. ಆಳಕ್ಕೆ ಹೋದಷ್ಟೂ ನೀರು ಸಿಗುತ್ತದೆ ಎಂಬ ಗ್ಯಾರಂಟಿ ಇಲ್ಲ. ಇದೆಲ್ಲ ಅವರು ಮೊದಲೇ ಹೇಳಬಹುದಿತ್ತು. ನಾನು ಕೇಳಲೇ ಇಲ್ಲ.

ಇನ್ನೊಂದು ವಿಷಯ ಯಾರಿಗೂ ಹೇಳಿರಲಿಲ್ಲ. ಬೇವಿನ ಮರದ ಪಕ್ಕದಲ್ಲೇ ನಮ್ಮ ಅಡುಗೆಮನೆ. ಅಲ್ಲಿ ಬೋರ್ ಬಿದ್ದರೆ ಪೈಪಿನ ಖರ್ಚು ಉಳಿಯುತ್ತದೆ ಎಂಬ ಲೆಕ್ಕ ಉಪವಾಸಕ್ಕೆ ಮೊದಲೇ ನನ್ನ ತಲೆಯಲ್ಲಿತ್ತು. ಆ ಸಮಾಧಾನ ಎಲ್ಲಿಂದ ಬಂತು ಎಂದು ಈಗ ನಿಮಗೇ ಗೊತ್ತಾಗಿರುತ್ತದೆ.

ಕಾಯಿ ಬೇಡ ಎಂದವನು ನಾನು. ಆದರೆ ಪ್ರಾರ್ಥನೆಯನ್ನೇ ಕಾಯಿ ಮಾಡಿಕೊಂಡಿದ್ದೆ. ನಿಮ್ಮ ಪತ್ರದಲ್ಲೂ ಅದರ ವಾಸನೆ ಬರುತ್ತಿದೆ, ಬೇಜಾರು ಮಾಡಿಕೊಳ್ಳಬೇಡಿ. ದರ್ಶನ, ಚೀಟಿ, 'ಉತ್ತರ ಬಂದಿಲ್ಲ' ಎಂಬ ಮಾತು, ಇವೆಲ್ಲ ದೇವರು ಒಂದು ಪಾಯಿಂಟ್ ಹಾಕಿಕೊಟ್ಟುಬಿಡಲಿ, ಯೋಚನೆ ಮಾಡುವ ಕಷ್ಟ ತಪ್ಪಲಿ ಎಂಬ ಆಸೆಯಿಂದ ಬರುವಂಥವು. ಯಾಕೋಬನು ಕೇಳಿ ಎಂದಿದ್ದು ಜ್ಞಾನವನ್ನು.

ಯೆರೆಮೀಯನ 42ನೇ ಅಧ್ಯಾಯ ಒಮ್ಮೆ ಓದಿ. ಯೆರೂಸಲೇಮ್ ಬಿದ್ದಿದೆ, ಉಳಿದ ಜನ ಹೆದರಿ ಪ್ರವಾದಿಯ ಹತ್ತಿರ ಬರುತ್ತಾರೆ. ನಾವು ಯಾವ ದಾರಿ ಹಿಡಿಯಬೇಕು, ದೇವರನ್ನು ಕೇಳಿ ಹೇಳು, ಒಳ್ಳೆಯದಿರಲಿ ಕೆಟ್ಟದಿರಲಿ ಹಾಗೇ ನಡೆಯುತ್ತೇವೆ ಎಂದು ಆಣೆ ಇಡುತ್ತಾರೆ. ಆದರೆ ಹಿಂದಿನ ಅಧ್ಯಾಯದ ಕೊನೆಯಲ್ಲಿ ನೋಡಿದರೆ ಅವರು ಆಗಲೇ ಐಗುಪ್ತಕ್ಕೆ, ಅಂದರೆ ಈಜಿಪ್ಟಿಗೆ, ಹೊರಟು ಬೇತ್ಲೆಹೇಮ್ ಹತ್ತಿರ ಬೀಡು ಬಿಟ್ಟಿದ್ದಾರೆ! ಗಂಟುಮೂಟೆ ಕಟ್ಟಿದ ಮೇಲೆ ಕೇಳಿದ ಪ್ರಾರ್ಥನೆ ಅದು. ಉತ್ತರ ಬಂದಿದ್ದು ಹತ್ತು ದಿನ ಕಳೆದ ಮೇಲೆ. ಯೆರೆಮೀಯನಂಥ ಯೆರೆಮೀಯನೇ ಹತ್ತು ದಿನ ಕಾದ. ಇಲ್ಲೇ ಇರಿ ಎಂದು ಉತ್ತರ ಬಂತು. ನೀನು ಸುಳ್ಳು ಹೇಳುತ್ತಿದ್ದೀಯ ಎಂದು ಅವನನ್ನೇ ಬೈದು ಹೊರಟೇಹೋದರು.

ನಿಮ್ಮ ಮನೆಯಲ್ಲಿ ಯಾರು ಯಾರು ಆಗಲೇ ಗಂಟು ಕಟ್ಟಿದ್ದಾರೆ, ಮೊದಲು ಅದನ್ನು ನೋಡಿ. ಯಜಮಾನರ ಮನಸ್ಸು ಬೋರ್ ಲಾರಿಯ ಹತ್ತಿರ ಹೋಗಿ ನಿಂತಿರಬಹುದು. ನಿಮ್ಮ ಮನಸ್ಸು ಕಂಪನಿ ಬಸ್ಸಿನ ಹತ್ತಿರ ನಿಂತಿಲ್ಲವಾ? ಹಾಗೆ ನಿಂತಿರುವುದು ತಪ್ಪಲ್ಲ. ಆದರೆ ಪ್ರಾರ್ಥನೆಯಲ್ಲಿ ಮೊದಲು ಹೇಳಬೇಕಾದ್ದು ಅದು. 'ಸ್ವಾಮಿ, ನನಗೆ ಇದು ಬೇಕು ಅಂತ ಆಸೆ ಇದೆ. ಇದಾಗದೆ ಹೋದರೂ ನಿನ್ನ ಕೈ ಬಿಡದ ಹಾಗೆ ಮಾಡು.' ನಾಲ್ಕು ತಿಂಗಳ ಪ್ರಾರ್ಥನೆಯಲ್ಲಿ ಈ ಮಾತು ಎಷ್ಟು ಸಲ ಬಂದಿದೆ, ನೆನಪು ಮಾಡಿಕೊಳ್ಳಿ.

ಗಿಬ್ಯೋನ್ ಎಂಬ ಊರು ಸತ್ಯವೇದದಲ್ಲಿ ಎರಡು ದೊಡ್ಡ ಕಥೆಗಳಲ್ಲಿ ಬರುತ್ತದೆ. ಎರಡನ್ನೂ ಜೊತೆಗಿಟ್ಟು ಓದುವವರು ಕಡಿಮೆ. ಯೆಹೋಶುವನ ಪುಸ್ತಕದ 9ನೇ ಅಧ್ಯಾಯದಲ್ಲಿ ಆ ಊರಿನವರು ಹರಕು ಬಟ್ಟೆ, ತೇಪೆ ಹಾಕಿದ ಕೆರ, ಬೂಷ್ಟು ಹಿಡಿದ ರೊಟ್ಟಿ ಹಿಡಿದುಕೊಂಡು ಬಂದು, ಬಹಳ ದೂರದಿಂದ ಬಂದವರು ನಾವು ಎಂದು ನಾಟಕ ಆಡುತ್ತಾರೆ. ಇಸ್ರಾಯೇಲ್ಯರು ರೊಟ್ಟಿಯನ್ನು ಪರೀಕ್ಷೆ ಮಾಡಿದರು, ದೇವರನ್ನು ಕೇಳಲಿಲ್ಲ. ಒಪ್ಪಂದ ಮಾಡಿ ಸಿಕ್ಕಿಹಾಕಿಕೊಂಡರು. ನಾನು ಬೇವಿನ ಮರದ ಕೆಳಗೆ ಮಾಡಿದ್ದು ಇದರ ಉಲ್ಟಾ. ದೇವರನ್ನು ಕೇಳಿದೆ, ರೊಟ್ಟಿ ನೋಡಲಿಲ್ಲ.

ಅದೇ ಗಿಬ್ಯೋನಿನಲ್ಲಿ ಎಷ್ಟೋ ತಲೆಮಾರು ಕಳೆದ ಮೇಲೆ ಸೊಲೊಮೋನನಿಗೆ ಕನಸು ಬೀಳುತ್ತದೆ. ಏನು ಬೇಕೋ ಕೇಳು ಎನ್ನುತ್ತಾನೆ ದೇವರು. ಮೊದಲನೇ ಅರಸುಗಳ 3ನೇ ಅಧ್ಯಾಯ. ಸೊಲೊಮೋನ ಕೇಳಿದ್ದು ವಿವೇಕ ಎಂದು ನಾವು ಓದುತ್ತೇವೆ. ಇಬ್ರಿಯ ಭಾಷೆಯಲ್ಲಿ ಅಲ್ಲಿರುವ ಮಾತು 'ಕೇಳಿಸಿಕೊಳ್ಳುವ ಹೃದಯ'. ಬೆಳಿಗ್ಗೆ ಎದ್ದಾಗ ಅವನ ಕೈಯಲ್ಲಿ ಉತ್ತರಗಳ ಪಟ್ಟಿ ಏನೂ ಇರಲಿಲ್ಲ. ಮುಂದೆ ಇಬ್ಬರು ಹೆಂಗಸರು ಒಂದು ಮಗುವಿಗೆ ಜಗಳ ಆಡಿಕೊಂಡು ಬಂದರಲ್ಲ, ಆಗ ಕೂತು ಇಬ್ಬರ ಮಾತನ್ನೂ ಪೂರ್ತಿ ಕೇಳಿದ. ಯಾವ ಮಾತಿಗೆ ಯಾರ ಕರುಳು ಮಿಡಿಯುತ್ತದೆ ಎಂದು ನೋಡಿದ. ಕನಸಿನಲ್ಲಿ ಕೇಳಿದ್ದು ಅಲ್ಲಿ ಕೆಲಸಕ್ಕೆ ಬಂತು.

ಚೀಟಿ ವಿಷಯಕ್ಕೆ ಬರುತ್ತೇನೆ. ನಿಮ್ಮ ಅತ್ತೆಯವರ ಮಾತಿಗೆ ಸತ್ಯವೇದದಲ್ಲಿ ಆಧಾರವೇ ಇಲ್ಲ ಎನ್ನಲಾರೆ. ಯೇಸುವನ್ನು ಹಿಡಿದುಕೊಟ್ಟ ಯೂದನ ಜಾಗಕ್ಕೆ ಮತ್ತೀಯನನ್ನು ಆರಿಸಿದ್ದು ಚೀಟು ಹಾಕಿಯೇ. ಅದು ಅಪೊಸ್ತಲರ ಕೃತ್ಯಗಳ ಮೊದಲ ಅಧ್ಯಾಯ. ಎರಡನೇ ಅಧ್ಯಾಯದಲ್ಲಿ ಪವಿತ್ರಾತ್ಮನು ಬರುತ್ತಾನೆ. ಅದಾದ ಮೇಲೆ ಸಭೆ ಚೀಟು ಹಾಕಿ ತೀರ್ಮಾನ ಮಾಡಿದ್ದು ಹೊಸ ಒಡಂಬಡಿಕೆಯಲ್ಲಿ ಎಲ್ಲೂ ಕಾಣುವುದಿಲ್ಲ. 15ನೇ ಅಧ್ಯಾಯದಲ್ಲಿ ದೊಡ್ಡ ತಕರಾರು ಎದ್ದಾಗ ಕೂತು ವಾದ ಮಾಡಿದರು, ಅನುಭವ ಹೇಳಿಕೊಂಡರು, ಶಾಸ್ತ್ರ ನೋಡಿದರು. ಕೊನೆಗೆ ಪವಿತ್ರಾತ್ಮನಿಗೂ ನಮಗೂ ಇದು ಸರಿ ತೋರಿತು ಎಂದು ಬರೆದರು. 'ನಮಗೂ' ಎಂದು ಸೇರಿಸಿದ್ದಾರೆ, ಗಮನಿಸಿ.

ನಮ್ಮ ಕೋಲಾರದ ಮೆಥೋಡಿಸ್ಟ್ ಸಭೆಗಳು ಹಳೆಯವು. 1910ರಿಂದ ಆಸ್ಪತ್ರೆಯನ್ನೂ ನಡೆಸಿಕೊಂಡು ಬಂದವರು ಅವರು. ಆ ಪಂಗಡಕ್ಕೆ ಮೂಲವಾದ ಜಾನ್ ವೆಸ್ಲಿಯೇ ಒಮ್ಮೆ ಚೀಟಿ ಎತ್ತಿಸಿದ್ದರು. 1737ರ ಮಾರ್ಚ್, ಅಮೆರಿಕದ ಜಾರ್ಜಿಯಾದಲ್ಲಿ. ಆಗ ಅವರಿಗೆ 33 ವರ್ಷ. ಸೋಫಿ ಹಾಪ್ಕಿ ಎಂಬ ಹುಡುಗಿಯನ್ನು ಮದುವೆಯಾಗಬೇಕೋ ಬೇಡವೋ ಎಂದು ತೀರ್ಮಾನ ಮಾಡಲಾಗದೆ ಮೂರು ಚೀಟಿ ಬರೆದರು. ಮದುವೆಯಾಗು ಎಂದು ಒಂದು, ಈ ವರ್ಷ ಯೋಚಿಸಬೇಡ ಎಂದು ಇನ್ನೊಂದು, ಇನ್ನು ಆ ಯೋಚನೆಯೇ ಬೇಡ ಎಂದು ಮತ್ತೊಂದು. ಮೂರನೆಯದು ಬಂತು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಅದೇ ತಿಂಗಳು ಆಕೆ ಬೇರೆಯವನನ್ನು ಮದುವೆಯಾದಳು. ಇವರ ಸಂಕಟ ಆರಲಿಲ್ಲ. ಆಗಸ್ಟ್‌ನಲ್ಲಿ ಆಕೆಗೆ ಪ್ರಭುಭೋಜನ ಕೊಡುವುದಿಲ್ಲ ಎಂದರು. ಕೇಸ್ ಆಯಿತು. ಡಿಸೆಂಬರ್‌ನಲ್ಲಿ ಊರು ಬಿಟ್ಟು ಇಂಗ್ಲೆಂಡಿಗೆ ಹೋಗಬೇಕಾಯಿತು. ಚೀಟಿ ತೀರ್ಪು ಕೊಟ್ಟಿತು, ಆ ತೀರ್ಪಿನ ಜೊತೆ ಬದುಕುವ ಬುದ್ಧಿ ಚೀಟಿಯಲ್ಲಿರಲಿಲ್ಲ. ಅತ್ತೆಯವರಿಗೆ ಈ ಕಥೆ ಹೇಳಿ. ಅವರ ಮನಸ್ಸು ನೋಯಿಸದೆ ಹೇಳಿ.

ದರ್ಶನ ಕಂಡ ಸಹೋದರರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪ್ರವಾದನೆಗಳನ್ನು ಹೀನೈಸಬೇಡಿ, ಆದರೆ ಎಲ್ಲವನ್ನೂ ಪರೀಕ್ಷೆ ಮಾಡಿ ಎಂದು ಪೌಲ ಥೆಸಲೋನಿಕದವರಿಗೆ ಒಂದೇ ಉಸಿರಿಗೆ ಬರೆಯುತ್ತಾನೆ. ಮೇಲಿನಿಂದ ಬರುವ ಜ್ಞಾನದ ಗುಣ ಯಾವುದು ಎಂದು ಯಾಕೋಬನೂ 3ನೇ ಅಧ್ಯಾಯದ 17ನೇ ವಚನದಲ್ಲಿ ಹೇಳಿದ್ದಾನೆ. ಸಮಾಧಾನದ್ದು, ಸೌಮ್ಯವಾದದ್ದು, ಇನ್ನೊಬ್ಬರ ಮಾತಿಗೆ ಕಿವಿ ಕೊಡುವಂಥದ್ದು. ಹಾಗಾಗಿ ಅವರನ್ನು ಸುಮ್ನೆ ಕೇಳಿ ನೋಡಿ. 'ಅಣ್ಣಾ, ಭೂವಿಜ್ಞಾನಿ ಕೈಲಿ ಆ ಜಾಗ ಒಂದು ಸಲ ನೋಡಿಸಲಾ?' ನಗುತ್ತಾ ನೋಡಿಸಿ ತಂಗಿ ಎಂದರೆ ಒಂದು ಲೆಕ್ಕ. ನಿಮಗೆ ನಂಬಿಕೆ ಕಡಿಮೆ ಎಂದು ಮುಖ ಗಂಟಿಕ್ಕಿದರೆ ಇನ್ನೊಂದು ಲೆಕ್ಕ.

ಇಷ್ಟೆಲ್ಲ ಬೇಡ ಎಂದರೆ ಮತ್ತೆ ಏನು ಮಾಡಬೇಕು? ನನ್ನನ್ನು ಕೇಳಿದರೆ, ಪರ್ಷಿಯಾ ರಾಜನ ಆಸ್ಥಾನದಲ್ಲಿ ಕೆಲಸಕ್ಕಿದ್ದ ಯೆಹೂದ್ಯ ನೆಹೆಮೀಯನ ಹಿಂದೆ ಹೋಗಿ. ಯೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿ ಅವನಿಗೆ ಬಂದಿದ್ದು ಕಿಸ್ಲೇವ್ ತಿಂಗಳಲ್ಲಿ. ರಾಜನ ಮುಂದೆ ಬಾಯಿ ಬಿಟ್ಟಿದ್ದು ನೀಸಾನ್ ತಿಂಗಳಲ್ಲಿ. ಮಧ್ಯೆ ಸುಮಾರು ನಾಲ್ಕು ತಿಂಗಳು, ನಿಮ್ಮ ಹಾಗೇ. ಆ ನಾಲ್ಕು ತಿಂಗಳು ಅವನು ಬರೀ ಅಳುತ್ತಾ ಕೂತಿರಲಿಲ್ಲ ಎಂದು ಹೇಗೆ ಗೊತ್ತಾಗುತ್ತದೆ ಅಂದರೆ, ಏನು ಬೇಕು ಎಂದು ರಾಜ ಕೇಳಿದ ಕೂಡಲೇ ಎಷ್ಟು ಕಾಲ ಬೇಕು, ಯಾರಿಗೆ ಪತ್ರ ಬೇಕು, ಯಾವ ಬಾಗಿಲಿಗೆ ಮರ ಬೇಕು ಎಂದು ಪಟ್ಟಿ ಒಪ್ಪಿಸುತ್ತಾನೆ. ರಾಜನ ಪ್ರಶ್ನೆಗೂ ತನ್ನ ಉತ್ತರಕ್ಕೂ ಮಧ್ಯೆ ಮನಸ್ಸಿನಲ್ಲೇ ಒಂದು ಚಿಕ್ಕ ಪ್ರಾರ್ಥನೆಯನ್ನೂ ಸೇರಿಸುತ್ತಾನೆ. ಊರಿಗೆ ಹೋದ ಮೇಲೆ ರಾತ್ರಿ ಹೊತ್ತು ಯಾರಿಗೂ ಹೇಳದೆ ಗೋಡೆ ಎಲ್ಲೆಲ್ಲಿ ಬಿದ್ದಿದೆ ಎಂದು ಸುತ್ತಿ ನೋಡುತ್ತಾನೆ.

ನಿಮ್ಮ ಗೋಡೆ ಸುತ್ತುವ ಕೆಲಸ ಹೀಗಿರಬಹುದು. ನಿಮ್ಮ ಜಮೀನಿನ ಸುತ್ತ ಯಾರ್ಯಾರ ಬೋರ್ ಎಷ್ಟು ಅಡಿ ಹೋಗಿದೆ, ಎಷ್ಟು ಅಡಿಗೆ ನೀರು ಬಂತು, ಈಗ ಎಷ್ಟು ಇಂಚು ಬರುತ್ತಿದೆ, ಯಾವುದು ಯಾವಾಗ ಬತ್ತಿತು, ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಬೆಂಗಳೂರಿನ ಶುದ್ಧೀಕರಿಸಿದ ನೀರು ಕೆ.ಸಿ. ವ್ಯಾಲಿ ಯೋಜನೆಯಲ್ಲಿ 2018ರಿಂದ ನಮ್ಮ ಜಿಲ್ಲೆಯ ಕೆರೆಗಳಿಗೆ ಬರುತ್ತಿದೆ. ನಿಮ್ಮ ಸುತ್ತಲಿನ ಕೆರೆಗೆ ಬಂದಿದೆಯಾ, ಬರುವುದಿದೆಯಾ ಕೇಳಿ. ಅಂತರ್ಜಲ ಇಲಾಖೆಯ ಕಚೇರಿಗೆ ಹೋಗಿ. ನಮ್ಮ ಜಿಲ್ಲೆಯಲ್ಲಿ ಹೊಸ ಬೋರ್‌ಗೆ ಅನುಮತಿ ಬೇಕು, ಅದನ್ನೂ ಅಲ್ಲೇ ವಿಚಾರಿಸಿ. ಬೋರ್‌ಗೆ ಸರ್ಕಾರ ನೆರವು ಕೊಡುವ ಗಂಗಾ ಕಲ್ಯಾಣ ಯೋಜನೆ ಅಲ್ಪಸಂಖ್ಯಾತರಿಗೂ ಇದೆ. ಸಣ್ಣ ರೈತರಾದ ನಿಮಗೆ ಸಿಗುತ್ತದೆಯೋ ಎಂದು ಕೇಳದೆ ಒಡವೆ ಬಿಚ್ಚಬೇಡಿ.

ಯಜಮಾನರು ಬೋರ್ ಬಿದ್ದರೆ ಇಷ್ಟು ಸಂಪಾದನೆ ಎಂದು ಒಂದು ಲೆಕ್ಕ ಹೇಳಿರುತ್ತಾರೆ. ಅದು ಯಾವ ರೇಟಿನ ಮೇಲೆ ಎಂದು ಕೇಳಿ. 2023ರ ಜುಲೈನಲ್ಲಿ ಕೋಲಾರ ಮಾರ್ಕೆಟ್‌ನಲ್ಲಿ 15 ಕಿಲೋ ಟೊಮ್ಯಾಟೊ ಬಾಕ್ಸ್ ಎರಡು ಸಾವಿರ ರೂಪಾಯಿ ದಾಟಿತ್ತು. ಆ ಒಂದು ತಿಂಗಳ ರೇಟು ನಮ್ಮ ಗಂಡಸರ ತಲೆಯಲ್ಲಿ ಇನ್ನೂ ಕೂತಿದೆ. ಕೀಳುವ ಕೂಲಿ ಹುಟ್ಟದೆ ಗಿಡದಲ್ಲೇ ಬಿಟ್ಟ ವರ್ಷಗಳು ಅಷ್ಟು ಬೇಗ ನೆನಪಿಗೆ ಬರುವುದಿಲ್ಲ. ಗೋಪುರ ಕಟ್ಟುವವನು ಮೊದಲು ಕೂತು ಖರ್ಚಿನ ಲೆಕ್ಕ ಹಾಕುವುದಿಲ್ಲವೇ ಎಂದು ಕೇಳಿದ್ದು ಯೇಸುಸ್ವಾಮಿಯೇ. ಲೂಕ 14. ಲೆಕ್ಕ ಹಾಕುವುದು ಅಪನಂಬಿಕೆ ಎನ್ನುವವರಿಗೆ ಇದನ್ನು ತೋರಿಸಿ.

ಪ್ರಾರ್ಥನೆ ಹೇಗೆ ಮಾಡಬೇಕು ಎಂದರೆ, ಗಂಡ ಹೆಂಡತಿ ಇಬ್ಬರೂ ಕೂತು ಮಾಡಿ. ಇದುವರೆಗೆ ನೀವು ಒಬ್ಬರೇ ಮಾಡುತ್ತಿದ್ದೀರಿ ಎಂದು ಪತ್ರದಿಂದ ಅನ್ನಿಸುತ್ತದೆ. ಮನೆಯಲ್ಲಿ ತೆಲುಗು ಮಾತಾಡುವುದಾದರೆ ತೆಲುಗಿನಲ್ಲೇ ಮಾಡಿ, ದೇವರಿಗೆ ಕೋಲಾರದ ಭಾಷೆ ಎಲ್ಲಾ ಬರುತ್ತದೆ. ದಿನಕ್ಕೆ ಹತ್ತು ನಿಮಿಷ ಸಾಕು. 25ನೇ ಕೀರ್ತನೆ ನಿಧಾನವಾಗಿ ಓದಿ. ನೋಟ್‌ಬುಕ್ ತೆಗೆದು ಆ ದಿನ ತಿಳಿದುಕೊಂಡದ್ದನ್ನು ದೇವರ ಮುಂದೆ ಹೇಳಿ. ಆಮೇಲೆ ಬಾಯಿ ಮುಚ್ಚಿ ಸ್ವಲ್ಪ ಹೊತ್ತು ಕೂತಿರಿ. ಪ್ರಾರ್ಥನೆಯ ಹೆಸರಲ್ಲಿ ಒಬ್ಬರಿಗೊಬ್ಬರು ಚುಚ್ಚುವುದು ಬೇಡ. 'ಸ್ವಾಮಿ, ಇವರಿಗೆ ಬುದ್ಧಿ ಕೊಡು' ಎಂಬ ಪ್ರಾರ್ಥನೆ ಎಷ್ಟು ಮನೆಗಳಲ್ಲಿ ಜಗಳ ಹಚ್ಚಿದೆ ಎಂದು ನನಗೆ ಗೊತ್ತು.

ರಾತ್ರಿ ನಿದ್ದೆ ಬಾರದೆ ಹೊರಳಾಡುವಾಗ ಏನನ್ನೂ ತೀರ್ಮಾನ ಮಾಡಬೇಡಿ. ಮನಸ್ಸು ಕತ್ತಲಾಗಿರುವಾಗ ಹಿಂದಿನ ನಿರ್ಧಾರ ಬದಲಿಸಬಾರದು ಎಂದು 16ನೇ ಶತಮಾನದಲ್ಲಿ ಲೊಯೋಲದ ಇಗ್ನೇಷಿಯಸ್ ಬರೆದಿಟ್ಟಿದ್ದಾರೆ. ಅವರು ಕಥೋಲಿಕರು, ನಾವಲ್ಲ, ಆದರೂ ಆ ಮಾತು ನನ್ನನ್ನು ಎಷ್ಟೋ ಸಲ ಉಳಿಸಿದೆ. ಒಂದು ದಿನಾಂಕವನ್ನೂ ಗೊತ್ತು ಮಾಡಿಕೊಳ್ಳಿ, ಒಂದೂವರೆ ತಿಂಗಳು ಅಂದುಕೊಳ್ಳಿ. ಆ ದಿನ ಇಬ್ಬರೂ ನಂಬುವ ಒಬ್ಬ ಹಿರಿಯರನ್ನು ಕೂರಿಸಿಕೊಂಡು ಮಾತಾಡಿ ಮುಗಿಸಿ. ಜಮೀನು ಕೊಳ್ಳುವವರ ಕಡೆಯವರಾಗಲಿ, ಬೋರ್ ಏಜೆಂಟ್ ಪರಿಚಯದವರಾಗಲಿ ಆಗಬಾರದು, ಅಷ್ಟೇ.

ಪೌಲನಿಗೂ ದಾರಿ ಒಂದೇ ಸಲ ಕಾಣಲಿಲ್ಲ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಆಸ್ಯಸೀಮೆಗೆ ಹೋಗಲು ಹೊರಟ, ತಡೆ ಬಂತು. ಬಿಥೂನ್ಯಕ್ಕೆ ಹೊರಟ, ಅಲ್ಲೂ ತಡೆ. ಎರಡು ಬಾಗಿಲು ಮುಚ್ಚಿದ ಮೇಲೆ ತ್ರೋವ ಎಂಬ ಊರಿನಲ್ಲಿ, ಮಕೆದೋನ್ಯಕ್ಕೆ ಬಾ ಎಂದು ಒಬ್ಬ ಕರೆಯುವ ಹಾಗೆ ರಾತ್ರಿ ದರ್ಶನ. ದರ್ಶನ ಕಂಡವನು ಒಬ್ಬನೇ. ಮಕೆದೋನ್ಯಕ್ಕೆ ಹೋಗಬೇಕೆಂದು ನಿಶ್ಚಯಿಸಿದ್ದು 'ನಾವು' ಎಂದು ಲೂಕ ಬರೆಯುತ್ತಾನೆ. ನಿಮ್ಮ ಎರಡು ಫೇಲಾದ ಬೋರ್‌ಗಳೂ ಏನೋ ಹೇಳುತ್ತಿರಬಹುದು. ಅವು ದೇವರು ಕೊಟ್ಟ ಶಿಕ್ಷೆ ಎಂದು ನಾನು ಹೇಳುತ್ತಿಲ್ಲ. ಅವೂ ನಿಮ್ಮ ನೋಟ್‌ಬುಕ್ಕಿನ ಎರಡು ಸಾಲು.

ನನ್ನ ಅಭಿಪ್ರಾಯ ಏನು ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಮೂರು ದಾರಿಯಲ್ಲಿ ಯಾವುದರಿಂದ ವಾಪಸ್ ಬರಬಹುದು ನೋಡಿ. ಕಂಪನಿ ಕೆಲಸ ಹಿಡಿಸದಿದ್ದರೆ ಬಿಡಬಹುದು. ಅಡವಿಟ್ಟ ಒಡವೆ ಕಷ್ಟಪಟ್ಟು ಬಿಡಿಸಬಹುದು, ಬಿಡಿಸಲಾಗದೆಯೂ ಹೋಗಬಹುದು. ರಸ್ತೆ ಪಕ್ಕದ ಒಂದೂವರೆ ಎಕರೆ ಹೋದರೆ ಹೋಯಿತು, ನಿಮ್ಮ ಮೊಮ್ಮಕ್ಕಳಿಗೂ ಅದು ಮತ್ತೆ ಸಿಗುವುದಿಲ್ಲ. ನಾಳೆ ಏನಾಗುವುದೋ ನಿಮಗೆ ತಿಳಿಯದು ಎಂದು ಅದೇ ಯಾಕೋಬನು 4ನೇ ಅಧ್ಯಾಯದಲ್ಲಿ ವ್ಯಾಪಾರಸ್ಥರಿಗೆ ಹೇಳುತ್ತಾನೆ. ತಿಳಿಯದಿದ್ದಾಗ ವಾಪಸ್ ತಿರುಗಬಹುದಾದ ಹೆಜ್ಜೆಯನ್ನು ಮೊದಲು ಇಡುವುದು ಭಯಸ್ಥರ ಲಕ್ಷಣ ಎಂದು ನನಗೆ ಅನ್ನಿಸುವುದಿಲ್ಲ. ಒಂದು ವರ್ಷ ಕೆಲಸಕ್ಕೆ ಹೋಗಿ ನೋಡಿ. ಅಷ್ಟರಲ್ಲಿ ಒಂದು ಮಳೆಗಾಲ ಕಳೆದಿರುತ್ತದೆ, ಕೆರೆಯ ಸಂಗತಿ ತಿಳಿದಿರುತ್ತದೆ, ಭೂವಿಜ್ಞಾನಿಯ ಸರ್ವೆ ಆಗಿರುತ್ತದೆ. ಯಜಮಾನರಿಗೆ ಇದು ಸೋಲಿನ ಹಾಗೆ ಕಾಣಬಹುದು. ಹೆಂಡತಿ ದುಡಿಯಲು ಹೋದಳು ಎಂದು ಊರವರು ಆಡಿಕೊಳ್ಳುತ್ತಾರೆ ಎಂಬ ಅಳುಕೂ ಇರಬಹುದು. ಮೂರನೇ ಬೋರ್‌ನ ಹಟದಲ್ಲಿ ಅದರ ಪಾಲೆಷ್ಟು ಎಂದು ಅವರೇ ಹೇಳಬೇಕು. ಅವರು ಹೇಳುವಾಗ ನೀವೂ ಸೊಲೊಮೋನನ ಹಾಗೆ ಪೂರ್ತಿ ಕೇಳಿಸಿಕೊಳ್ಳಿ.

ಇನ್ನೊಂದು ಮಾತು. ನಮ್ಮ ಕಾಂಪೌಂಡಿನ ಆ 780 ಅಡಿ ಬೋರ್‌ನ ಬಾಯಿ ಹನ್ನೊಂದು ದಿನ ಹಾಗೇ ತೆರೆದಿತ್ತು. ನಾಚಿಕೆಯಿಂದ ನಾನು ಆ ಕಡೆ ಹೋಗುತ್ತಿರಲಿಲ್ಲ. ಗಣಿಯ ಆ ಹಿರಿಯರೇ ಒಂದು ಕಬ್ಬಿಣದ ಮುಚ್ಚಳ ತಂದು ಬೋಲ್ಟ್ ಹಾಕಿಸಿದರು. ಭಾನುವಾರ ಶಾಲೆಯ ಮಕ್ಕಳು ಅದರ ಸುತ್ತ ಆಡುತ್ತಿದ್ದುದನ್ನು ನೋಡಿದವರು ಅವರೊಬ್ಬರೇ. ನಿಮ್ಮ ಎರಡು ಬೋರ್‌ಗಳಿಗೆ ಮುಚ್ಚಳ ಇದೆಯಾ ಎಂದು ಪತ್ರದಲ್ಲಿಲ್ಲ. ಇಲ್ಲದಿದ್ದರೆ ಇವತ್ತೇ ಹಾಕಿಸಿ. ಅದಕ್ಕೆ ಪ್ರಾರ್ಥನೆ ಮಾಡಿ ಕಾಯಬೇಕಿಲ್ಲ.